ಬಿ1 ಇದೆ, ಧೈರ್ಯ ಇಲ್ಲ: ಜರ್ಮನಿಗೆ ಈಗಲೇ ಹೊರಡಲಾ? ಸಹಾಯ ಬೇಕು

ಎಲ್ಲರಿಗೂ ಶರಣು. ನಾನು ಕಲಬುರಗಿಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲೇ 4 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೈದರಾಬಾದಿಗೆ ಹೋಗಿ ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತ) ಪರೀಕ್ಷೆ ಬರೆದು ಪಾಸಾದೆ. ಈಗ ಜರ್ಮನಿಯ ಬವೇರಿಯಾ ರಾಜ್ಯದ ಒಂದು ಆಸ್ಪತ್ರೆಯಿಂದ ಕರೆ ಬಂದಿದೆ. ಮೊದಲು ಸಹಾಯಕಿ ಕೆಲಸ. ಬಿ2 (ಬಿ1ರ ಮುಂದಿನ ಹಂತ) ಮುಗಿಸಿ, ಅಲ್ಲಿ ತರಬೇತಿಯನ್ನೋ ಪರೀಕ್ಷೆಯನ್ನೋ ದಾಟಿ ನಮ್ಮ ಪದವಿಗೆ ಮಾನ್ಯತೆ ಸಿಕ್ಕ ಮೇಲೇ ನರ್ಸ್ ಹುದ್ದೆ, ನರ್ಸ್ ಸಂಬಳ.

ಕಾಗದಪತ್ರ ಎಲ್ಲಾ ಸರಿ ಇದೆ. ತೊಂದರೆ ಇರುವುದು ನನ್ನ ಕಿವಿಯಲ್ಲಿ! ದಿನಾ ರಾತ್ರಿ ಅರ್ಧ ತಾಸು ಜರ್ಮನ್ ವಾರ್ತೆ ಕೇಳುತ್ತೇನೆ. ಆನ್‌ಲೈನ್ ಕ್ಲಾಸಿಗೂ ಸೇರಿದ್ದೇನೆ, ಆದರೆ ನೈಟ್ ಡ್ಯೂಟಿ ಇದ್ದ ವಾರ ಅದು ತಪ್ಪುತ್ತದೆ. ಟೀಚರ್ ನಿಧಾನವಾಗಿ ಮಾತಾಡುತ್ತಾರೆ, ತಿಳಿಯುತ್ತದೆ. ನೋವಿನಲ್ಲಿರುವ ಅಜ್ಜಿ ಹಾಗೆ ಮಾತಾಡುತ್ತಾರಾ? ಅದೂ ಬವೇರಿಯಾದ ಆಡುಮಾತಿನಲ್ಲಿ? ಇಲ್ಲಿ ಆಳಂದ ಕಡೆಯ ಅಜ್ಜಿ "ಎದಿ ಹಿಡ್ದಂಗ ಆಗ್ಯಾದವ್ವ" ಅಂದರೆ ಸಾಕು, ನನ್ನ ಕೈ ತಾನಾಗೇ ಬಿಪಿ ಮಷಿನ್ನಿಗೆ ಹೋಗುತ್ತದೆ. ಅಲ್ಲಿ ಅದೇ ಮಾತು ತಪ್ಪಿಹೋದರೆ?

ಅಪ್ಪ "ಅಲ್ಲಿಗಿ ಹೋದ್ರ ತಾನೇ ಬರ್ತದ" ಅನ್ನುತ್ತಾರೆ. ಏಜೆಂಟರದ್ದೂ ಅದೇ ಮಾತು, ಅವರನ್ನು ನಾನು ಜಾಸ್ತಿ ನಂಬುವುದಿಲ್ಲ. ಅವ್ವ ಮಾತ್ರ ಆಗಲೇ ಶೇಂಗಾ ಹಿಂಡಿ ಎಷ್ಟು ಕೆಜಿ ಅಂತ ಲೆಕ್ಕ ಹಾಕುತ್ತಿದ್ದಾಳೆ.

ಬಿ1 ಇಟ್ಟುಕೊಂಡೇ ಹೋಗಿ ವಾರ್ಡಿನಲ್ಲಿ ಕೆಲಸ ಮಾಡಿದ ಅಕ್ಕ, ಅಣ್ಣ ಯಾರಾದರೂ ಇದ್ದೀರಾ? ಮೊದಲ 3 ತಿಂಗಳು ರೋಗಿಗಳ ಮಾತು ಹೇಗೆ ನಿಭಾಯಿಸಿದಿರಿ? ಈಗಲೇ ಹೊರಡಲಾ, ಇಲ್ಲೇ ಬಿ2 ಮುಗಿಸಿ ಹೋಗಲಾ? ಈ ತಿಂಗಳ ಕೊನೆಯೊಳಗೆ ನಾನು ಆಸ್ಪತ್ರೆಗೆ ಉತ್ತರ ಕೊಡಬೇಕು.