ಭಾವ, ಅಲ್ಲಿ ಸಿಟಿಜನ್ ಅಂದ್ರೆ ಸೀನಿಯರ್ ಸಿಟಿಜನ್ ಅಲ್ಲ

ಹಾಂ ಪುಟ್ಟಿ, ಕೇಳ್ತಾ ಉಂಟಾ? ಹಿಂದೆ ಕುಕ್ಕರ್ ಕೂಗ್ತಾ ಉಂಟು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಇಷ್ಟೆಲ್ಲ ಟೈಪ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಅದಕ್ಕೇ ವಾಯ್ಸ್ ಮೆಸೇಜ್.

ನಯಾಗರ ನೋಡಿ ವಾಪಸ್ ಬರುವಾಗ ಬಫಲೋದಲ್ಲಿ ಹಸಿರು ಯೂನಿಫಾರ್ಮಿನ ಬಾರ್ಡರ್ ಪ್ಯಾಟ್ರೋಲ್‌ನವ, ಅಂದ್ರೆ ಗಡಿ ಕಾಯುವವ, ಬಸ್ಸು ಹತ್ತಿ "ಯುಎಸ್ ಸಿಟಿಜನ್?" ಅಂತ ಕೇಳಿದನಂತೆ, ಭಾವ ಎದೆ ಉಬ್ಬಿಸಿ "ಯೆಸ್ ಯೆಸ್, ಸೀನಿಯರ್ ಸಿಟಿಜನ್" ಅಂದ್ರಂತೆ. ನಿನ್ನ ಮೆಸೇಜ್ ಓದಿ ಗ್ರೂಪಿಡೀ ನಗು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ. ಇಲ್ಲಿ ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಲ್ಲಿ 75 ದಾಟಿದವರಿಗೆ ಟಿಕೇಟಿನ ದುಡ್ಡೇ ಇಲ್ಲ, ಡೊಂಬಿವಲಿಯ ಆ ಅಭ್ಯಾಸ ಅಲ್ಲಿಗೂ ಹೋಗಿದೆ. ಪಾಸ್‌ಪೋರ್ಟ್ ನೋಡಿ ಅವನೂ ನಕ್ಕು ಇಳಿದ, ನಮ್ಮ ಪುಣ್ಯ. ಆದರೆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ ಮಾರಾಯ್ತಿ.

ಯಾಕಂದ್ರೆ ಆ "ಯೆಸ್" ಸಣ್ಣ ಮಾತಲ್ಲ. ಅಮೆರಿಕದ ಸಿಟಿಜನ್ ಅಂತ ಸುಳ್ಳು ಹೇಳಿದ್ರು ಅಂತ ಬರೆದುಕೊಂಡರೆ, 1996ರ ಕಾನೂನಿನ ಪ್ರಕಾರ ಮುಂದೆ ಗ್ರೀನ್ ಕಾರ್ಡಿನ ದಾರಿ ಬಹುಮಟ್ಟಿಗೆ ಕಾಯಂ ಬಂದ್. ಅರ್ಥ ಆಗದೆ ಹೇಳಿದ್ದು ಅಂತ ವಾದಿಸಬಹುದು, ಆದರೆ ಅದಕ್ಕೆ ವಕೀಲ ಬೇಕು, ವರ್ಷ ಬೇಕು. ನಮ್ಮ ತಲೆ ಅಲ್ಲಾಡಿಸುವ ಚಾಳಿಯೂ ಅಪಾಯವೇ. ಅರ್ಥ ಆಗದಿದ್ರೆ ಹೂಂ ಅನ್ನುದು ಬೇಡ. "ಇಂಡಿಯನ್, ವಿಸಿಟರ್", ಎರಡೇ ಶಬ್ದ. ಮತ್ತೂ ಕೇಳಿದ್ರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅನ್ಲಿ, ನಾಚಿಕೆ ಎಂತದ್ದು?

ಪುಣೆಯ ತಮ್ಮ ಬರೆದಿದ್ದಾನಲ್ಲ, "ಅಮೆರಿಕದಲ್ಲಿ ಬಾಯಿ ಬಿಡದೇ ಇರುವ ಹಕ್ಕು ಉಂಟು" ಅಂತ. ಅರ್ಧ ಸರಿ. ಗಡಿಯಿಂದ 100 ಮೈಲಿ ಒಳಗೆ ಅವರು ಬಸ್ಸು ಹತ್ತಬಹುದು, ಆದರೆ ಬಸ್ಸಲ್ಲಿ ಉತ್ತರ ಕೊಡಲೇಬೇಕು ಅಂತ ಇಲ್ಲ. ನಾನು ಹೋಗಬಹುದಾ ಅಂತ ಕೇಳಬಹುದು, ಬ್ಯಾಗ್ ಬಿಚ್ಚಲು ಒಪ್ಪಿಗೆ ಇಲ್ಲ ಅನ್ನಬಹುದು. ದಾದರ್ ಬ್ರಿಜ್ಜಿನ ಮೇಲೆ ಟಿಸಿ ಹಿಡಿದ ಹಾಗಲ್ಲ ಅದು. ಇನ್ನರ್ಧ ಅವನು ಬಿಟ್ಟ. 18 ದಾಟಿದ ವಿದೇಶಿಯರು ತಮ್ಮ ಕಾಗದ ಜೊತೆಗೇ ಇಟ್ಟುಕೊಳ್ಳಬೇಕು ಅಂತ ಅಲ್ಲಿಯ ಕಾನೂನೇ ಹೇಳ್ತದೆ. ಹಾಗಾಗಿ ನಮ್ಮಂಥವರು ಮೌನವ್ರತ ಹಿಡಿಯುದಕ್ಕಿಂತ ಕಾಗದ ತೋರಿಸುದು ಒಳ್ಳೆಯದು.

ಏರ್‌ಪೋರ್ಟಲ್ಲಿ ಲೆಕ್ಕವೇ ಬೇರೆ. ನಿನ್ನ ಮಗಳು ಅಲ್ಲೇ ಹುಟ್ಟಿದ ಸಿಟಿಜನ್, ಅವಳನ್ನು ಒಳಗೆ ಬಿಡದೇ ಇರ್ಲಿಕ್ಕೆ ಯಾರಿಗೂ ಆಗುದಿಲ್ಲ. ನಿನ್ನ ಗಂಡನಿಗೆ ಗ್ರೀನ್ ಕಾರ್ಡ್ ಉಂಟು, ಐ-407 ಅಂತ ಒಂದು ಫಾರ್ಮು ಮುಂದಿಟ್ಟರೆ ಸೈನ್ ಹಾಕಬಾರದು, ಹಾಕಿದ್ರೆ ಕಾರ್ಡು ತಾನೇ ಬಿಟ್ಟುಕೊಟ್ಟ ಹಾಗೆ. ಇಮಿಗ್ರೇಷನ್ ಜಡ್ಜ್ ಮುಂದೆ ಹೇಳ್ತೇನೆ ಅಂತ ಕೂತ್ಕೊಳ್ಳಬೇಕು. ನಾವು ವೀಸಾದವರು ಉತ್ತರ ಕೊಡದಿದ್ರೆ ಮುಂದಿನ ಫ್ಲೈಟಲ್ಲಿ ವಾಪಸ್, ಅಷ್ಟೇ. ಮುಂಬಯಿ ಬಿಕೆಸಿಯ ಅಮೆರಿಕನ್ ಕಾನ್ಸುಲೇಟಲ್ಲಿ 10 ವರ್ಷದ ವೀಸಾ ಕೊಟ್ಟದ್ದು ಬಾಗಿಲು ತಟ್ಟುವ ಪರ್ಮಿಷನ್ ಮಾತ್ರ.

ನನಗೆ ಮೊದಲ ಸಲ ಆದದ್ದು ಗೊತ್ತಲ್ಲ? ಯಾಕೆ ಬಂದದ್ದು ಅಂದ್ರು. ಮೊಮ್ಮಗನನ್ನು ನೋಡ್ಲಿಕ್ಕೆ ಅನ್ನುವ ಬದಲು ನೋಡಿಕೊಳ್ಳಲಿಕ್ಕೆ ಅಂತ ಇಂಗ್ಲಿಷಲ್ಲಿ ಹೇಳಿಬಿಟ್ಟೆ. ಕೆಲಸಕ್ಕೆ ಬಂದ ಆಯಾ ಅಂತ ಎಣಿಸಿ ಒಳಗಿನ ರೂಮಲ್ಲಿ ಕೂರಿಸಿದ್ರು. ಹಪ್ಪಳದ ಡಬ್ಬಿ ಮಡಿಲಲ್ಲಿಟ್ಟು ಒಂದು ಗಂಟೆ ಕೂತಿದ್ದೆ.

ಈಗ ನೀನು ಒಂದು ಕೆಲಸ ಮಾಡು. ಭಾವನ ಐ-94, ಅಂದ್ರೆ ಅಮೆರಿಕದ ಒಳಗೆ ಬಂದ ದಾಖಲೆ, ಆನ್‌ಲೈನಲ್ಲಿ ತೆಗೆದು ಪ್ರಿಂಟ್ ಹಾಕು. ಎಷ್ಟು ದಿನ ಇರಬಹುದು ಅನ್ನುವುದಕ್ಕೆ ಅದರ ತಾರೀಕೇ ಲೆಕ್ಕ, ವೀಸಾದ್ದಲ್ಲ. ಪಾಸ್‌ಪೋರ್ಟ್ ಜೊತೆ ಭಾವನ ಅಂಗಿ ಜೇಬಲ್ಲಿ ಇಡು. ಆ ಜೇಬಲ್ಲಿ ಎಸ್‌ಟಿಯ ಸೀನಿಯರ್ ಕಾರ್ಡ್ ಇರ್ತದೆ, ಅದನ್ನು ಮೊದಲು ತೆಗಿ. ಅವರು ಅದನ್ನೇ ತೋರಿಸಿಯಾರು.