ಪದಚರ್ಚೆ: ಬ್ಯಾಟರಿಯ ಕ್ಯಾಥೋಡನ್ನು ‘ಋಣಾಗ್ರ’ ಎನ್ನಬಹುದೇ? (ತುರ್ತು)

ಎಲ್ಲರಿಗೂ ನಮಸ್ಕಾರ. ಜಲೀಯ ಅಮೋನಿಯಂ-ಅಯಾನು (ವಿದ್ಯುದಂಶವಿರುವ ಕಣ) ಬ್ಯಾಟರಿಯಲ್ಲಿ ಗ್ರಿಡ್ಡಿನ ವಿದ್ಯುತ್ತನ್ನು ಕೂಡಿಡುವ ಬಗ್ಗೆ ಒಂದು ಭಿತ್ತಿಪತ್ರ ಅನುವಾದಿಸುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಆನೋಡ್, ಕ್ಯಾಥೋಡ್ ಎಂಬ ಎರಡು ಎಲೆಕ್ಟ್ರೋಡ್‌ಗಳಿಗೆ ಒಟ್ಟಾಗಿ ‘ವಿದ್ಯುದ್ವಾರ’ ಎಂದು ಬರೆದಿದ್ದೇನೆ. ಪಠ್ಯಪುಸ್ತಕದ ರೂಢಿಯಂತೆ ಕ್ಯಾಥೋಡ್‌ಗೆ ‘ಋಣಾಗ್ರ’ (ಮೈನಸ್ ತುದಿ) ಎಂದರೆ, ಚಿತ್ರದಲ್ಲಿ ಪ್ರಷ್ಯನ್ ಬ್ಲೂ (ಒಂದು ನೀಲಿ ವರ್ಣದ್ರವ್ಯ) ಬಳಗದ ವಸ್ತುವಿನ ‘ಋಣಾಗ್ರ’ದ ಮೇಲೆ ಪ್ಲಸ್ ಗುರುತು ಬರುತ್ತಿದೆ! ಇನ್ನೊಂದು: ಅಯಾನು ವೆನೇಡಿಯಂ ಆಕ್ಸೈಡಿನ ಪದರಗಳ ನಡುವೆ ಸೇರಿ ಮತ್ತೆ ಹೊರಬರುವುದಕ್ಕೆ ಏನನ್ನೋಣ? ‘ಅಂತರ್ನಿವೇಶನ’ ಬಾಯಲ್ಲಿ ಹೊರಳುತ್ತಿಲ್ಲ.
-ಸ.

> ಏನನ್ನೋಣ?
ಒಳನುಸುಳಿಕೆ. ಎಲೆಕ್ಟ್ರೋಡ್‌ಗೆ ಮಿನ್ಬಾಗಿಲು. ಅಮೋನಿಯಂ ಯಾಕೆ, ನವಸಾಗರ ಇಲ್ಲವೇ? ಸಂಸ್ಕ್ರುತದ ಊರುಗೋಲು ಸಾಕು.
-ಕೆ.

ಒಳನುಸುಳಿಕೆ ಗಡಿ ಸುದ್ದಿಗಿರಲಿ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್, ಲವಣ, ಅಯಾನಲ್ಲ. ಆ ಪದಕ್ಕೂ ಪಾರಸಿಯ ನೌಶಾದರದ ನಂಟಿದೆ, ಅಚ್ಚಗನ್ನಡವೇನಲ್ಲ. ‘ನವಸಾಗರ ಬ್ಯಾಟರಿ’ ಎಂದರೆ 1866ರ ಲೆಕ್ಲಾಂಶೆ ಕೋಶ (ನವಸಾಗರದ ದ್ರಾವಣ ಬಳಸಿದ ಹಳೆಯ ಬ್ಯಾಟರಿ) ಆದೀತು. ಅಲ್ಲಿ ಸವೆಯುತ್ತಿದ್ದುದು ಸತು. ಇಲ್ಲಿ ಅಮೋನಿಯಂ ಅಯಾನೇ ಆಚೆಯಿಂದೀಚೆಗೆ ಓಡಾಡಬೇಕು. ದ್ರಾವಣವೂ ಸಾಮಾನ್ಯವಾಗಿ ಸಲ್ಫೇಟಿನದು.
-ರಾ.

ಯಾರೂ ಸಂಧಿಯ ಕಡೆ ನೋಡಲಿಲ್ಲ. ವಿದ್ಯುತ್ + ದ್ವಾರ = ವಿದ್ಯುದ್ದ್ವಾರ. ‘ವಿದ್ಯುದ್ವಾರ’ ಎಂದರೆ ಸೋಮವಾರ, ಮಂಗಳವಾರದ ಸಾಲಿಗೆ ಸೇರುತ್ತದೆ. ದ್ವಾರವನ್ನಂತೂ ಬಿಡಬೇಡಿ. 1834ರಲ್ಲಿ ಫ್ಯಾರಡೆ ‘ಧ್ರುವ’ವನ್ನು ಕೈಬಿಟ್ಟಾಗ, ಅವು ವಿದ್ಯುತ್ತು ಹೊಕ್ಕು ಹೊರಡುವ ಬಾಗಿಲುಗಳು ಅಂತಲೇ ಬರೆದ. ವಿದ್ವಾಂಸ ಹ್ಯೂವೆಲ್ ಸೂಚಿಸಿದ ಆನೋಡ್, ಕ್ಯಾಥೋಡ್‌ಗಳು ಗ್ರೀಕಿನಲ್ಲಿ ಏರುದಾರಿ, ಇಳಿದಾರಿ. ಧನ-ಋಣದ ಸೊಲ್ಲೇ ಅಲ್ಲಿಲ್ಲ, ಅಂಟಿಸಿದವರು ನಾವು.
-ವೆಂ.

ವೆಂ. ಸಾರ್, ಮಾಹಿತಿಗೆ ಧನ್ಯವಾದ. ಆದರೆ ಅಚ್ಚಿನವರು ಕಾಯುತ್ತಿದ್ದಾರೆ.
-ಸ.

ಸ. ಅವರೇ, ಚಾರ್ಜ್ ಮಾಡುವಾಗ ಆನೋಡ್-ಕ್ಯಾಥೋಡ್ ಅದಲುಬದಲಾಗುತ್ತವೆ, ಪ್ಲಸ್-ಮೈನಸ್ ಅದಲುಬದಲಾಗುವುದಿಲ್ಲ. ಆದ್ದರಿಂದ ‘ಧನ ವಿದ್ಯುದ್ವಾರ’, ‘ಋಣ ವಿದ್ಯುದ್ವಾರ’ ಎಂದು ಬರೆದು ಮುಗಿಸಿ. ಇನ್ನು ‘ನುಸುಳು’ ಅರ್ಥದಲ್ಲೇ ತಪ್ಪು. ಅಮೋನಿಯಂ ಪದರದ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ, ಬಂದು ತಳವೂರುತ್ತದೆ. ಆ ಹಿಡಿತ ತೀರಾ ಬಿಗಿಯಾದರೆ ಹೊರಡುವುದೇ ಕಷ್ಟ. ಇತ್ತ ಆಕ್ಸೈಡ್ ನೀರಿಗೆ ಕರಗುತ್ತ ಹೋದರೆ ಕೂರಲು ಜಾಗವೇ ಇರದು. ವಸ್ತು ಸುಧಾರಣೆ ಎಂದರೆ ಬಹುಪಾಲು ಈ ಎರಡರ ಜೊತೆಗಿನ ಗುದ್ದಾಟ. ನಾಮಪದ ಯಾಕೆ ಬೇಕು? ‘ಹೊಕ್ಕು ಕೂರುತ್ತದೆ’ ಅನ್ನಿ, ಸಾಕು.
-ರಾ.

ಅಯಾನು, ಆಕ್ಸೈಡ್, ಹೈಡ್ರೋಜನ್, ಚಾರ್ಜ್. ಕನ್ನಡಕ್ಕೆ ಉಳಿದದ್ದು ‘ಅನ್ನು, ಇಂದ, ಗೆ’. ನಡೆಯಲಿ.
-ಕೆ.

‘ಮಿನ್ಬಾಗಿಲು’ ಎಂದರೆ ಕರೆಂಟ್ ಹೊಡೆಯುವ ಬಾಗಿಲು ಅಂದುಕೊಂಡಾರು.
-ರಾ.

ಕಳಿಸಿಬಿಟ್ಟೆ: ‘ಧನ ವಿದ್ಯುದ್ವಾರ’, ‘ಹೊಕ್ಕು ಕೂರುತ್ತದೆ’. ವೆಂ. ಸಾರ್, ‘ವಿದ್ಯುದ್ದ್ವಾರ’ವನ್ನೂ ಹಾಕಿ ನೋಡಿದೆ, ಅಚ್ಚಿನವರ ಫಾಂಟಿನಲ್ಲಿ ಒತ್ತಕ್ಷರ ಒಡೆಯುತ್ತಿದೆ.
-ಸ.

ಫಾಂಟ್ ಬದಲಿಸಿ.
-ವೆಂ.