ಹುಚ್ಚುನಾಯಿ ಕಚ್ಚಿದ ಆಕಳು ಜೊಲ್ಲು ಸುರಿಸುತ್ತಿದೆ: ಯಾರಿಗೆಲ್ಲ ಇಂಜೆಕ್ಷನ್ ಬೇಕು?

ಅಡಿಕೆಗೊನೆ (ಶಿರಸಿ):
ಹುಚ್ಚುನಾಯಿಯೊಂದು ಕೇರಿಯ ಎರಡು ನಾಯಿಗಳಿಗೂ ಮೇಯಲು ಬಿಟ್ಟ ಆಕಳಿಗೂ ಕಚ್ಚಿ ಹೋಗಿ ತಿಂಗಳಾಯ್ತು. ಆಕಳು ನಿನ್ನೆಯಿಂದ ಮೇವು ಮುಟ್ಟುತ್ತಿಲ್ಲ, ಜೊಲ್ಲು ಸುರಿಸುತ್ತಿದೆ, ದನಿ ಒಡೆದು ಕೂಗುತ್ತಿದೆ. ಬೆದೆ ಅಂತ ಕೆಲವರು, ಗಂಟಲಲ್ಲಿ ಹಲಸಿನ ತುಂಡು ಸಿಕ್ಕಿದೆ ಅಂತ ಕೆಲವರು. ಮನೆಮಂದಿಯೆಲ್ಲ ಹಾಲು ಕುಡಿದಿದ್ದಾರೆ. ಈಗೇನು ಮಾಡಬೇಕು?

ದನದಡಾಕ್ಟ್ರು:
ಮೊದಲು, ಬಾಯೊಳಗೆ ಯಾರೂ ಕೈ ಹಾಕಬೇಡಿ. ರೇಬೀಸ್ ಆದ ದನದ ಗಂಟಲು ಸೋತು ಜೊಲ್ಲು ನುಂಗಲಾಗದೆ ಹೊರಗೆ ಸುರಿಯುತ್ತದೆ. ಏನೋ ಸಿಕ್ಕಿದೆ ಎಂದು ಮೊಣಕೈವರೆಗೆ ಕೈ ತೂರಿಸಿ ಹುಡುಕುವವರೇ ಹಳ್ಳಿಗಳಲ್ಲಿ ಹೆಚ್ಚು ಅಪಾಯಕ್ಕೆ ಸಿಲುಕುವುದು. ಗೊಟ್ಟದಲ್ಲಿ ಔಷಧಿ ಕುಡಿಸುವುದೂ ಬೇಡ.

ಎರಡು ಹಗ್ಗ ಹಾಕಿ ಬೇರೆ ಕಡೆ ಕಟ್ಟಿ, ಅದರ ಬಾನಿ ಬೇರೆ ದನಕ್ಕೆ ಇಡಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಲಕ್ಷಣ ಕಂಡ ಮೇಲೆ ಮದ್ದಿಲ್ಲ, ಸಾಮಾನ್ಯವಾಗಿ ವಾರದೊಳಗೆ ಸಾಯುತ್ತದೆ. ಬೇರೆ ದನಕ್ಕೂ ಕಚ್ಚಿದ್ದರೆ ಗಾಯವನ್ನು ಸೋಪಿನಿಂದ ತೊಳೆದು 0, 3, 7, 14, 28ನೇ ದಿನ ಲಸಿಕೆ. 0 ಅಂದರೆ ಮೊದಲ ಇಂಜೆಕ್ಷನ್ ಕೊಟ್ಟ ದಿನ, ಕಚ್ಚಿದ ದಿನವಲ್ಲ. ಎರಡು ಕೊಟ್ಟು ‘ಆಕಳು ಚೆನ್ನಾಗಿದೆಯಲ್ಲ’ ಎಂದು ಬಿಡುವವರೇ ಬಹಳ.

ಆಸ್ಪತ್ರೆಯಕ್ಕ (ಅಂಕೋಲಾ):
ಕಾಯಿಸಿದ ಹಾಲು ಕುಡಿದವರು ಹೆದರಬೇಕಿಲ್ಲ, ಕಾಯಿಸಿದರೆ ವೈರಸ್ ಸಾಯುತ್ತದೆ. ಆದರೂ ಇನ್ನು ಆ ಹಾಲು ಬೇಡ, ಡೇರಿಗೂ ಹಾಕಬೇಡಿ. ನೋಡಬೇಕಾದ್ದು ಕೈಗಳನ್ನು. ಅಡಿಕೆ ಸುಲಿಯುವಾಗ ಬೆರಳಿಗೆ ಗೀರು ಬಿದ್ದವರ ಕೈಗೆ ಜೊಲ್ಲು ತಾಗಿದ್ದರೆ ಅದು ಮೂರನೇ ದರ್ಜೆ, ಕಚ್ಚಿ ರಕ್ತ ಬಂದದ್ದಕ್ಕೆ ಸಮ. ಅವರಿಗೆ ಲಸಿಕೆ, ಸೀರಂ (ಕುದುರೆ ಅಥವಾ ಮನುಷ್ಯರ ರಕ್ತದಿಂದ ತೆಗೆದ, ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯ) ಎರಡೂ ಬೇಕು.

ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ವೈರಸ್ಸಿನ ಮೇಲಿರುವ ಕೊಬ್ಬಿನ ಪೊರೆ ಸೋಪಿಗೆ ಕರಗುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ.

ಲಸಿಕೆ ಚರ್ಮದೊಳಗೆ ಕೊಡುವುದಾದರೆ ಎರಡೂ ತೋಳಿಗೆ 0.1 ಎಂಎಲ್‌ನಂತೆ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ಕುಂಡೆಗೆ ಕೊಡುವುದಿಲ್ಲ. ಸೀರಂ ಗಾಯದ ಒಳಗೂ ಸುತ್ತಲೂ. ಕುದುರೆಯದ್ದಾದರೆ ಕೆಜಿಗೆ 40 ಯೂನಿಟ್, ಮನುಷ್ಯರದ್ದಾದರೆ 20. 45 ಕೆಜಿಯವರಿಗೆ ಕುದುರೆ ಸೀರಂ 1800 ಯೂನಿಟ್. ಗಾಯ ಬಹಳ ಇದ್ದರೆ ಸಲೈನ್ ಬೆರೆಸಿ ಎಲ್ಲಕ್ಕೂ ಮುಟ್ಟಿಸುತ್ತಾರೆ. ಮೊದಲ ಲಸಿಕೆಯಾಗಿ 7 ದಿನ ದಾಟಿದರೆ ಸೀರಂ ಕೊಡುವುದಿಲ್ಲ. ಎಲ್ಲ ಕಡೆ ಸ್ಟಾಕ್ ಇರುತ್ತದೆಂದಿಲ್ಲ, ಫೋನ್ ಮಾಡಿ ಕೇಳಿಯೇ ಹೊರಡಿ.

ಕಾಳಿತೀರ (ಕಾರವಾರ):
ಕಚ್ಚಿಸಿಕೊಂಡ ಆ ಎರಡು ನಾಯಿಗಳನ್ನು ಮರೆತಿರಾ ಮಾರಾಯ್ರೆ? ಇನ್ನು ಮುಂದಿನ ಅಪಾಯ ಅಲ್ಲೇ ಇದೆ. ಇವತ್ತೇ ಕಟ್ಟಿಹಾಕಿಸಿ, ಡಾಕ್ಟ್ರಿಗೆ ತೋರಿಸಿ. ಊರಿನ ಉಳಿದ ನಾಯಿಗಳಿಗೆ, ಮೂರು ತಿಂಗಳು ತುಂಬಿದ ಮರಿಗಳೂ ಸೇರಿ, ಲಸಿಕೆ ಹಾಕಿಸಬೇಕು. ಕನಿಷ್ಠ 70% ನಾಯಿಗಳಿಗೆ ಕೆಲವೇ ದಿನಗಳಲ್ಲಿ ಆಗಬೇಕು. ವರ್ಷವಿಡೀ ಒಂದೊಂದಕ್ಕೆ ಚುಚ್ಚುತ್ತಾ ಹೋದರೆ ಸರಪಳಿ ಕಡಿಯದು. ಸಾಕಿದ ನಾಯಿ ಶಿಬಿರಕ್ಕೆ ಬರುತ್ತದೆ, ಬೀದಿನಾಯಿಗೆ ಬಲೆಯೇ ಬೇಕು. ಹಾಕಿದ್ದಕ್ಕೆ ಬಣ್ಣದ ಗುರುತು. ಪಕ್ಕದ ಗೋವಾದಲ್ಲಿ ಹೀಗೆ ಮನೆಮನೆಗೆ ಹೋಗಿ, ಬಲೆ ಹಿಡಿದು ಮಾಡಿದ್ದಾರೆ. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಣೆಯಾಯಿತು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಬೈಕಿನ ಡಿಕ್ಕಿಯಲ್ಲಿ ಬಿಸಿಯಾದದ್ದು ನೀರಿಗೆ ಸಮ.

ಸಿಕ್ಕ ನಾಯಿಗಳನ್ನೆಲ್ಲ ಕೊಲ್ಲುವುದು ಬೇಡ. ಕಾನೂನಿನ ಮಾತು ಹಾಗಿರಲಿ, ಲಸಿಕೆಯಾದವೇ ಸತ್ತು ಆ ಜಾಗಕ್ಕೆ ಲಸಿಕೆಯಿಲ್ಲದವು ಬರುತ್ತವೆ.

ಅಡಿಕೆಗೊನೆ:
ಅಪ್ಪನ ಹೆಬ್ಬೆರಳಲ್ಲಿ ಗೀರಿದೆ, ಈಗಲೇ ಹೊರಟೆವು. ಆಕಳು ಸತ್ತರೆ?

ದನದಡಾಕ್ಟ್ರು:
ಚರ್ಮ ಸುಲಿಸಬೇಡಿ. ಖಚಿತಪಡಿಸಲು ಮೆದುಳಿನ ತುಂಡು ಬೇಕು, ಅದನ್ನು ತೆಗೆಯುವುದು ನಮ್ಮ ಕೆಲಸ. ಕೆಡದಂತೆ ಇಡುವ ಫಾರ್ಮಲಿನ್ ದ್ರವ ಬೇಡ, ಮಂಜುಗಡ್ಡೆಯಲ್ಲಿಟ್ಟು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸಬಹುದು. ಬಾವಿ, ಹಳ್ಳದಿಂದ ದೂರ ಆಳುದ್ದದ ಗುಂಡಿ, ಮೇಲೆ ಸುಣ್ಣ. ಅಪ್ಪನ ಇಂಜೆಕ್ಷನ್ ಮಾತ್ರ ಆ ವರದಿಗೆ ಕಾಯಬಾರದು.